ಗಾಳಿ ಬಂದಾಗ ತೂರಿಕೊಳ್ಳುವ ಮುನ್ನ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ನೆಲವು ಓಟಗಾರರನ್ನು ಬೆಳೆಸಲೆಂದೇ ಹೇಳಿಮಾಡಿಸಿದಂತಿದೆ. ಒಂದು ಕಡೆ ಮಲೆ ಮಹದೇಶ್ವರನ ಬೆಟ್ಟಸಾಲು, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ಉತ್ತರಕ್ಕೆ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿ. ನಡುವೆ ರಾಗಿ, ಜೋಳಗಳ ಹೊಲಗಳು. ಕಾಡಂಚಿನ ಊರುಗಳಿಂದ, ಸೋಲಿಗರ ಪೋಡುಗಳಿಂದ ಮೈಲಿಗಟ್ಟಲೆ ನಡೆದು ಶಾಲೆಗೆ ಬರುವ ಮಕ್ಕಳು ಇಲ್ಲಿ ಇಂದಿಗೂ ಉಂಟು. ಏರು ಹತ್ತಿ ಇಳಿದು ಅವರ ಕಾಲು ಗಟ್ಟಿಯಾಗಿರುತ್ತದೆ, ಉಸಿರು ನೀಳವಾಗಿರುತ್ತದೆ. ವರ್ಷವರ್ಷವೂ ಹೋಬಳಿಯ ಮಟ್ಟದಲ್ಲಿ ಆರಂಭವಾಗುವ ಶಾಲಾ ಕ್ರೀಡಾಕೂಟವು ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿ ರಾಜ್ಯಮಟ್ಟಕ್ಕೆ ಏರುವಾಗ, ಇಂಥ ಮಕ್ಕಳಲ್ಲಿ ಕೆಲವರು ಬರಿಗಾಲಿನಲ್ಲಿಯೇ ಓಡಿ ಗೆಲ್ಲುವುದನ್ನು ನಾನು ಕಂಡಿದ್ದೇನೆ.

ಆ ಮೈದಾನದ ಅಂಚಿನಲ್ಲಿ ಒಮ್ಮೊಮ್ಮೆ ಒಬ್ಬ ಅಪರಿಚಿತರು ನಿಂತಿರುತ್ತಾರೆ. ಅವರ ಕೈಯಲ್ಲಿ ಒಂದು ಪುಸ್ತಕ, ಕೊರಳಲ್ಲಿ ಒಂದು ಸೀಟಿ. ಓಟ ಮುಗಿದೊಡನೆ ಅವರು ಗೆದ್ದ ಹುಡುಗನ ಬಳಿಗೆ ಬಂದು ಅವನ ಹೆಸರು, ಊರು, ತಂದೆಯ ಉದ್ಯೋಗ ಇವುಗಳನ್ನು ಬರೆದುಕೊಳ್ಳುತ್ತಾರೆ. ಈ ಪಾಠವು ಆ ಪುಸ್ತಕದಲ್ಲಿ ಹೆಸರು ಬರೆಸಿದ ಮಕ್ಕಳನ್ನು ಕುರಿತದ್ದು.

ಹನೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದ ಕಾಲದ ಮಾತು. ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ೧೫೦೦ ಮೀಟರ್ ಓಟದಲ್ಲಿ ಜಿಲ್ಲೆಗೆ ಮೊದಲಿಗನಾದ. ಮರುವಾರವೇ ದೂರದ ನಗರದ ಒಂದು ಖಾಸಗಿ ವಿದ್ಯಾಸಂಸ್ಥೆಯಿಂದ ಕರೆ ಬಂದಿತು. ಊಟ, ವಸತಿ, ಬೂಟು ಎಲ್ಲವೂ ಉಚಿತ. ಮೇಲೆ ತಿಂಗಳಿಗಿಷ್ಟು ಎಂದು ಮನೆಗೆ ಹಣ. ಆದರೆ ಕೂಡಲೇ ಹೊರಡಬೇಕು. ಪರೀಕ್ಷೆಯ ಮಾತನ್ನು ಆಮೇಲೆ ನೋಡಿಕೊಳ್ಳೋಣ ಎಂದರಂತೆ. ಹುಡುಗನ ತಂದೆ ವರ್ಗಾವಣೆ ಪತ್ರ ಕೇಳಲು ಶಾಲೆಗೆ ಬಂದರು. ಇನ್ನು ಐದು ತಿಂಗಳು ತಾಳಿರೆಂದು ನಾನು ಹೇಳಿದೆ.

“ಮೇಷ್ಟ್ರೇ, ಕೊಳವೆಬಾವಿ ತೋಡ್ಸಿ ನೀರೂ ಬರಲಿಲ್ಲ, ಸಾಲವೂ ತೀರಲಿಲ್ಲ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ. ಈಗ ಬಂದ ಗಾಳಿ ಐದು ತಿಂಗಳು ಬಿಟ್ಟು ಬಂದಾತೇ?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ವರ್ಗಾವಣೆ ಪತ್ರದ ನಮೂನೆಯನ್ನು ನಾನೇ ತುಂಬಿಕೊಟ್ಟೆ.

ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಾಲದಲ್ಲಿರುವ ಮನೆಗೆ ತಿಂಗಳು ತಿಂಗಳು ಬರುವ ಹಣವು ಸಣ್ಣ ಸಂಗತಿಯಲ್ಲ. ಮಗನ ಓದು ಫಲ ಕೊಡಲು ಹತ್ತು ವರ್ಷ ಬೇಕು. ಅವನ ಕಾಲು ಇಂದೇ ಫಲ ಕೊಡುತ್ತದೆ ಎಂದರೆ ಯಾವ ಬಡ ತಂದೆಯ ಮನಸ್ಸು ತಾನೆ ಅತ್ತ ವಾಲದು? ಈ ಸೆಳೆತವು ನಮ್ಮ ಬಡ ಹಳ್ಳಿಗಳಿಗೆ ಮಾತ್ರ ಸೀಮಿತವೂ ಅಲ್ಲ. ಸಂಪನ್ನ ದೇಶವಾದ ಅಮೆರಿಕದಲ್ಲಿಯೂ ಇದೇ ಪ್ರಶ್ನೆ ಎದ್ದಿದೆ.

ಅಲ್ಲಿ ಕಾಲೇಜುಗಳ ಆಟಕ್ಕೆ ಲಕ್ಷಾಂತರ ಪ್ರೇಕ್ಷಕರುಂಟು. ಆದರೂ ಕಾಲೇಜಿನ ಆಟಗಾರರು ತಮ್ಮ ಹೆಸರು, ಚಿತ್ರ, ಹಸ್ತಾಕ್ಷರಗಳಿಂದ ಹಣ ಗಳಿಸಬಾರದೆಂಬ ನಿಯಮ ಬಹುಕಾಲ ಇತ್ತು. ೨೦೨೧ರ ಜುಲೈ ೧ರಿಂದ ಆ ನಿಷೇಧ ಸಡಿಲವಾಯಿತು. ವ್ಯಾಪಾರ ಸಂಸ್ಥೆಗಳು ಹಣ ಹಿಡಿದು ಮುಂದೆ ಬಂದವು. ಟೆಕ್ಸಾಸ್ ರಾಜ್ಯದ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಕ್ವಿನ್ ಈವರ್ಸ್ ಎಂಬ ಪ್ರತಿಭಾವಂತ ಫುಟ್ಬಾಲ್ ಆಟಗಾರನಿಗೆ ಆಗ ಒಂದು ತೊಡಕು ಎದುರಾಯಿತು. ಕಾಲೇಜಿನ ವಿದ್ಯಾರ್ಥಿ ಇಂಥ ಹಣ ಪಡೆಯಬಹುದಿತ್ತು. ಆ ರಾಜ್ಯದ ಪ್ರೌಢಶಾಲೆಯ ವಿದ್ಯಾರ್ಥಿ ಪಡೆಯುವಂತಿರಲಿಲ್ಲ. ಆತನು ಪ್ರೌಢಶಾಲೆಯ ಕೊನೆಯ ವರ್ಷವನ್ನು ಬಿಟ್ಟು, ಅದೇ ಆಗಸ್ಟಿನಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾಲಯವನ್ನು ಸೇರಿದನು. ಹತ್ತು ಲಕ್ಷ ಡಾಲರಿಗೂ ಮಿಗಿಲಾದ ಒಪ್ಪಂದ ಅವನಿಗೆ ದೊರೆಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಆದರೆ ಆ ಋತುವಿನಲ್ಲಿ ಅವನಿಗೆ ಕಣಕ್ಕಿಳಿಯುವ ಅವಕಾಶ ದೊರೆತದ್ದು ಕೆಲವೇ ಕ್ಷಣಗಳ ಮಟ್ಟಿಗೆ. ವರ್ಷ ಮುಗಿಯುವುದರೊಳಗೆ ಅವನು ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋಗಲು ನಿಶ್ಚಯಿಸಿದನು. ಅಲ್ಲಿ ಚೆನ್ನಾಗಿಯೇ ಆಡಿ ಹೆಸರು ಪಡೆದನು. ಕಡೆಗೆ ೨೦೨೫ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಅವನ ಹೆಸರು ಬಂದದ್ದು ಏಳನೆಯ, ಎಂದರೆ ಕೊನೆಯ ಸುತ್ತಿನಲ್ಲಿ.

ಈವರ್ಸ್ ಸೋತನೆಂದು ನಾನು ಹೇಳುತ್ತಿಲ್ಲ. ಅವನು ಹಣವನ್ನೂ ಗಳಿಸಿದನು, ಆಟವನ್ನೂ ಉಳಿಸಿಕೊಂಡನು. ಇಲ್ಲಿ ಗಮನಿಸಬೇಕಾದುದು ಬೇರೆ. ಇಡೀ ದೇಶವೇ ಮೆಚ್ಚಿದ ಆಟಗಾರನ ಭವಿಷ್ಯವನ್ನು ಸಹ ಅಷ್ಟು ಮುಂಚಿತವಾಗಿ ಯಾರೂ ಸರಿಯಾಗಿ ಅಳೆಯಲಾರದೆ ಹೋದರು. ಅಂಥವನಿಗೇ ಹೀಗಾದರೆ, ತಾಲ್ಲೂಕಿನ ಮೈದಾನದಲ್ಲಿ ಒಂದು ಓಟ ಗೆದ್ದ ಹದಿನೈದರ ಬಾಲಕನ ಮುಂದಿನ ಹತ್ತು ವರ್ಷವನ್ನು ಅಳೆದು ಹೇಳಬಲ್ಲವರಾರು?

ನಮ್ಮ ನಾಡಿನಲ್ಲಿಯೇ ನಡೆದ ಇನ್ನೊಂದು ಸಂಗತಿಯನ್ನು ನೆನೆಯೋಣ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಮೊದಲಾದ ಕಡೆಗಳ ಕಾಡುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನ ತಲೆಮಾರುಗಳಿಂದ ಬಾಳುತ್ತಿದ್ದಾರೆ. ೧೯೮೭ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ವಿಶೇಷ ಕ್ಷೇತ್ರ ಕ್ರೀಡಾ ಯೋಜನೆಯಡಿಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲಾರಂಭಿಸಿತು. ಮನೆಯನ್ನೂ ಕಾಡನ್ನೂ ಬಿಟ್ಟು ದೂರದ ಕೇಂದ್ರಗಳಿಗೆ ಹೋದ ಆ ಮಕ್ಕಳು ಶ್ರಮಪಟ್ಟು ಕಲಿತರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗೆದ್ದರು. ಆದರೆ ೧೯೯೩ರಲ್ಲಿ ಅವರ ಪಾಲಿನ ಆ ಯೋಜನೆ ನಿಂತುಹೋಯಿತು. ಕೆಲವರಿಗೆ ಕ್ರೀಡೆಯ ಬಲದಿಂದ ನೌಕರಿ ದೊರೆಯಿತು. ಅನೇಕರು ಊರಿಗೆ ಹಿಂದಿರುಗಿ ಮತ್ತೆ ಕೂಲಿಯನ್ನೇ ಹಿಡಿದರು. ಅವರ ಕಾಲುಗಳಲ್ಲಿದ್ದ ಶಕ್ತಿ ಒಂದೇ ದಿನದಲ್ಲಿ ಕುಂದಿತೇ? ಇಲ್ಲ. ಅವರನ್ನು ಹೊತ್ತುಕೊಂಡಿದ್ದ ಕೈ ಹಿಂದೆ ಸರಿಯಿತು, ಅಷ್ಟೆ. ಪರರು ಕೊಡುವ ನೆರವು ಎಷ್ಟೇ ಸದುದ್ದೇಶದ್ದಾದರೂ, ಅದು ನಿಲ್ಲುವ ದಿನವನ್ನು ಗೊತ್ತುಮಾಡುವವರು ನಾವಲ್ಲ. ಕಲಿತ ವಿದ್ಯೆಯನ್ನಾದರೋ ಯಾರೂ ಹಿಂದಕ್ಕೆ ಪಡೆಯಲಾರರು.

ಓದಿಗಾಗಿ ಆಟದ ಅವಕಾಶವನ್ನು ಬಿಟ್ಟವರ ಗತಿಯೇನು ಎಂದು ನೀವು ಕೇಳಬಹುದು. ಅದಕ್ಕೂ ನಮ್ಮಲ್ಲಿ ನಿದರ್ಶನವಿದೆ. ಆಫ್ ಸ್ಪಿನ್ ಬೌಲಿಂಗಿಗೆ ಹೆಸರಾದ ಇ.ಎ.ಎಸ್. ಪ್ರಸನ್ನ ಅವರು ೧೯೬೨ರ ಜನವರಿಯಲ್ಲಿ, ತಮ್ಮ ೨೧ನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ಮೊದಲ ಟೆಸ್ಟ್ ಪಂದ್ಯ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೂ ಹೋಗಿಬಂದರು. ಬಳಿಕ ಮೈಸೂರಿನಲ್ಲಿ ತಮ್ಮ ಎಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸುವುದಕ್ಕೆ ಮನಸ್ಸು ಕೊಟ್ಟರು. ಅವರು ಮತ್ತೆ ಟೆಸ್ಟ್ ಆಡಿದ್ದು ೧೯೬೭ರಲ್ಲಿ. ನಡುವೆ ಐದು ವರ್ಷ ಕಳೆದಿತ್ತು! ಆದರೂ ತಮ್ಮ ೨೦ನೆಯ ಟೆಸ್ಟಿನಲ್ಲೇ ನೂರು ವಿಕೆಟ್ ಪೂರೈಸಿದರು. ಒಟ್ಟು ೪೯ ಟೆಸ್ಟ್‌ಗಳಲ್ಲಿ ೧೮೯ ವಿಕೆಟ್ ಪಡೆದರು. ಎಲ್ಲರೂ ಐದು ವರ್ಷ ಕಾಯಬಲ್ಲರೆಂದಾಗಲಿ, ಕಾಯ್ದವರಿಗೆಲ್ಲ ಅವಕಾಶ ಮರಳುವುದೆಂದಾಗಲಿ ಇದರಿಂದ ಸಿದ್ಧವಾಗದು. ಓಟಗಾರನ ಹರೆಯವು ಸ್ಪಿನ್ ಬೌಲರನ ಹರೆಯಕ್ಕಿಂತ ಬೇಗ ಕಳೆಯುತ್ತದೆ. ಆದರೆ ಹತ್ತನೆಯ ತರಗತಿ ಮುಗಿಸಲು ಬೇಕಾದುದು ಐದು ವರ್ಷವಲ್ಲ. ನಿಮಗೆ ಈಗ ಉಳಿದಿರುವುದು ಎರಡು ವರ್ಷವೂ ಇಲ್ಲ.

ಈ ಅವಧಿ ಏಕೆ ಅಷ್ಟು ಮುಖ್ಯ? ಮೊದಲನೆಯದಾಗಿ, ಆಟದಿಂದ ಸಿಗುವ ನೌಕರಿಗೂ ಓದು ಬೇಕು. ರೈಲ್ವೆ ಇಲಾಖೆಯು ಕ್ರೀಡಾಪಟುಗಳನ್ನು ವಿಶೇಷವಾಗಿ ನೇಮಿಸಿಕೊಳ್ಳುತ್ತದೆ. ಅಲ್ಲಿಯೂ ತೀರ ಕೆಳಗಿನ ದರ್ಜೆಯ ಹುದ್ದೆಗೆ ಹತ್ತನೆಯ ತರಗತಿಯ ತೇರ್ಗಡೆಯನ್ನೋ ಐ.ಟಿ.ಐ. ಶಿಕ್ಷಣವನ್ನೋ ಕೇಳುತ್ತಾರೆ, ಮೇಲುದರ್ಜೆಗೆ ಪದವಿಯೇ ಬೇಕು. ಪದಕವನ್ನು ಒಂದು ಕೈಯಲ್ಲಿ ಹಿಡಿದವನು ಅಂಕಪಟ್ಟಿಯನ್ನು ಇನ್ನೊಂದು ಕೈಯಲ್ಲಿ ತೋರಿಸಲಾಗದಿದ್ದರೆ ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ. ಎರಡನೆಯದಾಗಿ, ಶಾಲೆಯನ್ನು ಬಿಟ್ಟವನು ಶಾಲಾ ಕ್ರೀಡಾಕೂಟದ ಮೆಟ್ಟಿಲನ್ನೂ ಬಿಟ್ಟಂತೆ. ಅದರಲ್ಲಿ ಸ್ಪರ್ಧಿಸಲು ಶಾಲೆಯ ದಾಖಲೆಯಲ್ಲಿ ಹೆಸರಿರಬೇಕು. ಮೂರನೆಯದಾಗಿ, ಹದಿಹರೆಯದ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಉದ್ದನೆಯ ಎಲುಬುಗಳ ತುದಿಯಲ್ಲಿರುವ ಮೃದ್ವಸ್ಥಿಯ ಪದರವು ಬೆಳವಣಿಗೆ ಮುಗಿಯುವತನಕ ಎಳೆಯದಾಗಿಯೇ ಇರುತ್ತದೆ. ಪ್ರತಿ ವಾರವೂ ಗೆಲ್ಲಲೇಬೇಕೆಂಬ ಒತ್ತಾಯದಲ್ಲಿ ಬಿಡುವಿಲ್ಲದೆ ದುಡಿಸಿದರೆ ಅದಕ್ಕೆ ಪೆಟ್ಟಾಗುತ್ತದೆ. ಕೊನೆಯದಾಗಿ ಒಂದು ಸರಳ ಲೆಕ್ಕ. ಹದಿನೆಂಟರಿಂದ ಮೂವತ್ತರವರೆಗೆ ಆಡಿದರೂ ಆಟದ ಆಯುಷ್ಯ ಹನ್ನೆರಡು ವರ್ಷ. ಮೂವತ್ತರಿಂದ ಅರವತ್ತರವರೆಗಿನ ದುಡಿಮೆಯ ಆಯುಷ್ಯ ಮೂವತ್ತು ವರ್ಷ.

ಹಾಗಾದರೆ ಬಂದ ನೆರವನ್ನು ನಿರಾಕರಿಸಬೇಕೇ? ಬೇಕಿಲ್ಲ. ಪಾಠವನ್ನೂ ಆಟವನ್ನೂ ಜೊತೆಯಾಗಿ ನಡೆಸುವ ಸರ್ಕಾರಿ ಕ್ರೀಡಾ ವಸತಿನಿಲಯಗಳು ನಮ್ಮ ರಾಜ್ಯದಲ್ಲಿವೆ. ೨೦೧೮ರಲ್ಲಿ ಖೇಲೋ ಇಂಡಿಯಾ ಶಾಲಾ ಕ್ರೀಡಾಕೂಟ ಮೊದಲ ಬಾರಿಗೆ ನಡೆಯಿತು. ಆ ಯೋಜನೆಗೆ ಆಯ್ಕೆಯಾದವರಿಗೆ ತಿಂಗಳಿಗೆ ೧೦,೦೦೦ ರೂಪಾಯಿ ಕೈಖರ್ಚು ಗೊತ್ತಾಯಿತು. ಮಕ್ಕಳನ್ನು ಅಕ್ಕರೆಯಿಂದ ಓದಿಸುವ ಖಾಸಗಿ ಸಂಸ್ಥೆಗಳೂ ಇಲ್ಲದಿಲ್ಲ. ಆದುದರಿಂದ ಕರೆ ಬಂದಾಗ ಬೇಡವೆನ್ನುವುದಕ್ಕಿಂತ ಪ್ರಶ್ನೆ ಕೇಳುವುದು ಜಾಣತನ. ಯಾವ ಶಾಲೆಯ ದಾಖಲೆಯಲ್ಲಿ ನನ್ನ ಹೆಸರಿರುತ್ತದೆ? ಪಬ್ಲಿಕ್ ಪರೀಕ್ಷೆಯನ್ನು ಎಲ್ಲಿ ಬರೆಯುತ್ತೇನೆ? ಪೆಟ್ಟಾದರೆ ಚಿಕಿತ್ಸೆಯ ವೆಚ್ಚ ಯಾರದು? ಆಡಲಾಗದೆ ಹೋದರೂ ವರ್ಷದ ಕೊನೆಯವರೆಗೆ ಊಟ, ವಸತಿ ಉಂಟೇ? ಈ ಮಾತುಗಳನ್ನು ಬರೆದು ಕೊಡುವಿರಾ? ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಕಾನೂನಿನ ದೃಷ್ಟಿಯಲ್ಲಿ ಅರ್ಹರಲ್ಲ. ಆದಕಾರಣ ಈ ಪ್ರಶ್ನೆಗಳನ್ನು ತಂದೆತಾಯಿಯರೂ ಉಪಾಧ್ಯಾಯರೂ ಜೊತೆಗಿದ್ದು ಕೇಳಬೇಕು. ಒಳ್ಳೆಯ ಸಂಸ್ಥೆ ಸಂತೋಷದಿಂದ ಉತ್ತರಿಸುತ್ತದೆ. ಉತ್ತರಿಸಲು ತಡವರಿಸಿದರೆ, ಅದೇ ಉತ್ತರವೆಂದು ತಿಳಿಯಬೇಕು.

ಇನ್ನು ಆ ಹುಡುಗನ ಸಂಗತಿ. ಮೊದಲ ವರ್ಷ ಓಡಿದ, ಗೆದ್ದ. ಮನೆಗೆ ಹಣವೂ ಬಂದಿತು. ಎರಡನೆಯ ವರ್ಷ ಮೊಣಕಾಲು ನೋಯಲಾರಂಭಿಸಿತು, ಹಣ ನಿಂತಿತು. ಪರೀಕ್ಷೆಗೆ ಅವನ ಹೆಸರನ್ನು ಯಾರೂ ಕಟ್ಟಿರಲಿಲ್ಲ. ಊರಿಗೆ ಬಂದವನು ಹಲವು ವರ್ಷ ಜಲ್ಲಿಯ ಲಾರಿಯಲ್ಲಿ ಕೂಲಿಗೆ ಹೋದ. ಮುಂದೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕುಳಿತು, ಎರಡನೆಯ ಸಲಕ್ಕೆ ತೇರ್ಗಡೆಯಾದ. ಆಗ ಅವನಿಗೆ ಇಪ್ಪತ್ತಾರು ತುಂಬಿತ್ತು. ನಾನು ತುಂಬಿಕೊಟ್ಟ ಆ ಒಂದು ಹಾಳೆಯ ನೆನಪು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅವನ ತಂದೆಗೆ ಅಂದು ಹೇಳಲಾಗದ ಉತ್ತರ ನನಗೆ ಹೊಳೆದದ್ದು ಬಹಳ ತಡವಾಗಿ, ಒಂದು ಸುಗ್ಗಿಯ ದಿನ, ರಾಗಿಯ ಕಣದಲ್ಲಿ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಿಜ. ಆದರೆ ತೂರುವುದು ಕೊನೆಯ ಕೆಲಸ. ಅದಕ್ಕೆ ಮೊದಲು ತೆನೆ ಬಲಿಯಬೇಕು, ಕೊಯ್ಲಾಗಬೇಕು, ಕಣದಲ್ಲಿ ಗುಂಡು ಉರುಳಬೇಕು. ಗಾಳಿ ಬೀಸಿತೆಂದು ಹಸಿಯ ತೆನೆಯನ್ನು ಕಿತ್ತು ತಂದು ಮೊರ ಎತ್ತಿ ಹಿಡಿದವನಿಗೆ ಕಾಳೂ ಇಲ್ಲ, ಹೊಲದಲ್ಲಿ ಪೈರೂ ಇಲ್ಲ.

ಕಳೆದ ಸಲ ತಾಲ್ಲೂಕಿನ ಕ್ರೀಡಾಕೂಟ ನೋಡಲು ಹೋದಾಗ ಅವನು ಅಲ್ಲಿದ್ದ. ಒಂಬತ್ತನೆಯ ತರಗತಿಯಲ್ಲಿರುವ ಅವನ ಮಗಳು ಓಡುತ್ತಿದ್ದಳು. ಓಟ ಮುಗಿದ ಮೇಲೆ ಪುಸ್ತಕ ಹಿಡಿದ ಒಬ್ಬರು ಅವರ ಬಳಿಗೆ ಬಂದರು. ಅವನು ಹಣದ ಮಾತೆತ್ತುವ ಮೊದಲೇ ಕೇಳಿದ ಪ್ರಶ್ನೆ ನನ್ನ ಕಿವಿಗೂ ಬಿದ್ದಿತು: “ಸ್ವಾಮಿ, ಪರೀಕ್ಷೆ ಎಲ್ಲಿ ಬರೆಸ್ತೀರಿ?”