ಮೂಗಿಗಿಂತ ಮೂಗುತಿ ಭಾರವೇ? ಪ್ರಯಾಣದ ಕಾರ್ಡಿನ ವಾರ್ಷಿಕ ಶುಲ್ಕದ ಲೆಕ್ಕ

ಬೇಸಿಗೆ ರಜೆಗೆ ಬೆಂಗಳೂರಿನ ಟಿಕೆಟ್ ಹುಡುಕಲು ಕುಳಿತಾಗ ಹೆಚ್ಚಿನವರ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ: “ಆಫೀಸಿನಲ್ಲಿ ಎಲ್ಲರ ಹತ್ತಿರವೂ ಆ ಲೌಂಜ್ ಕಾರ್ಡ್ ಇದೆಯಂತೆ. ನಾವೂ ತೆಗೆದುಕೊಳ್ಳೋಣವಾ?” ಅಮೆರಿಕದಲ್ಲಿರುವ ನಮಗೆ 2025ರಲ್ಲಿ ಈ ಪ್ರಶ್ನೆ ಇನ್ನೂ ದುಬಾರಿಯಾಯಿತು. ಚೇಸ್ ಸಫೈರ್ ರಿಸರ್ವ್ ಕಾರ್ಡಿನ ವಾರ್ಷಿಕ ಶುಲ್ಕ 550 ಡಾಲರಿನಿಂದ 795ಕ್ಕೆ ಏರಿತು. ಅಮೆರಿಕನ್ ಎಕ್ಸ್‌ಪ್ರೆಸ್ ಪ್ಲಾಟಿನಂ 695ರಿಂದ 895ಕ್ಕೆ ಹೋಯಿತು. ಕ್ಯಾಪಿಟಲ್ ಒನ್ ವೆಂಚರ್ ಎಕ್ಸ್ ಶುಲ್ಕ 395ರಲ್ಲೇ ಉಳಿಯಿತು, ಆದರೆ ಅದರ ಲೌಂಜ್ ನಿಯಮಗಳು ಬಿಗಿಯಾದವು.

ಶುಲ್ಕ ಹೆಚ್ಚಿಸಿದ ಬ್ಯಾಂಕುಗಳು ಸವಲತ್ತುಗಳ ಪಟ್ಟಿಯನ್ನೂ ಉದ್ದ ಮಾಡಿವೆ. ಎಲ್ಲವನ್ನೂ ಕೂಡಿದರೆ ಸಾವಿರಾರು ಡಾಲರ್ ಮರಳಿ ಬರುವಂತೆ ಕಾಣುತ್ತದೆ. ಅದನ್ನು ನಂಬುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಿ.

ಕಾರ್ಡ್ ಇಲ್ಲದ ವರ್ಷ ಹೇಗಿರುತ್ತದೆ?

ನಮ್ಮ ಪ್ರಯೋಗಾಲಯದಲ್ಲಿ ಯಾವುದೇ ಔಷಧ ಕೆಲಸ ಮಾಡಿತು ಎಂದು ಹೇಳುವ ಮೊದಲು, ಅದನ್ನು ಕೊಡದಿದ್ದರೆ ಏನಾಗುತ್ತಿತ್ತು ಎಂದು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ ಸರಿ. ಈ ಕಾರ್ಡ್ ಇಲ್ಲದಿದ್ದರೂ ಮುಂದಿನ ವರ್ಷ ನೀವು ಖಂಡಿತ ಮಾಡಲಿರುವ ಖರ್ಚುಗಳನ್ನು ಮೊದಲು ಬರೆಯಿರಿ: ಊರಿನ ಟಿಕೆಟ್, ಹೋಟೆಲ್, ವಿಮಾನ ನಿಲ್ದಾಣದ ಊಟ. ಕಾರ್ಡಿನ ಸವಲತ್ತು ಆ ಪಟ್ಟಿಯಲ್ಲಿರುವ ಖರ್ಚನ್ನು ಕಡಿಮೆ ಮಾಡಿದರೆ ಮಾತ್ರ ಅದು ಉಳಿತಾಯ. ಪಟ್ಟಿಯಲ್ಲಿ ಇಲ್ಲದ ವಸ್ತುವಿಗೆ ರಿಯಾಯಿತಿ ಸಿಕ್ಕರೆ ಅದು ಹೊಸ ಖರ್ಚು.

ಬ್ಯಾಂಕಿನವರು ಇವನ್ನು ‘ಕ್ರೆಡಿಟ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ‘ಮುಂಗಡ’. ಶುಲ್ಕದ ರೂಪದಲ್ಲಿ ನೀವೇ ಮೊದಲು ಕೊಟ್ಟ ಹಣವನ್ನು, ಅವರು ಹೇಳಿದ ಅಂಗಡಿಯಲ್ಲಿ, ಅವರು ಹೇಳಿದ ತಿಂಗಳೊಳಗೆ ಖರ್ಚು ಮಾಡಿದರೆ ವಾಪಸು ಕೊಡುತ್ತಾರೆ. ಪ್ಲಾಟಿನಂ ಕಾರ್ಡಿನ ಊಬರ್ ಹಣವನ್ನೇ ನೋಡಿ. ವರ್ಷಕ್ಕೆ 200 ಡಾಲರ್ ಎಂದರೂ ಅದು ಬರುವುದು ತಿಂಗಳಿಗೆ 15ರಂತೆ, ಡಿಸೆಂಬರಿನಲ್ಲಿ ಮಾತ್ರ 35. ಆ ತಿಂಗಳು ಬಳಸದಿದ್ದರೆ ಹೋಯಿತು. ಅಮೆರಿಕದೊಳಗೆ ಮಾತ್ರ ನಡೆಯುವುದರಿಂದ ಬೆಂಗಳೂರಿನ ಊಬರ್‌ಗೆ ಬರುವುದಿಲ್ಲ.

ನಾಲ್ವರ ಮನೆಯ ಲೆಕ್ಕ

ಇಬ್ಬರು ದೊಡ್ಡವರು, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಾರೆ, ಟಿಕೆಟ್ಟಿಗೆ ಒಟ್ಟು 6,000 ಡಾಲರ್ ಎಂದಿಟ್ಟುಕೊಳ್ಳೋಣ. ಇವರ ಕೈಯಲ್ಲಿ 795 ಡಾಲರಿನ ಸಫೈರ್ ರಿಸರ್ವ್ ಏನು ಮಾಡುತ್ತದೆ?

ಪ್ರಯಾಣದ ಮುಂಗಡ 300 ಡಾಲರ್. ಇದು ಯಾವ ವಿಮಾನ ಟಿಕೆಟ್ಟಿಗೂ ತಾನಾಗಿಯೇ ಹೊಂದಿಕೆಯಾಗುತ್ತದೆ. ಪೂರ್ತಿ 300 ಬರೆದುಕೊಳ್ಳಿ.

ಗ್ಲೋಬಲ್ ಎಂಟ್ರಿ ಶುಲ್ಕ 120 ಡಾಲರ್, ಐದು ವರ್ಷಕ್ಕೆ. ಕಾರ್ಡ್ ಅದನ್ನು ಭರಿಸುತ್ತದೆ, ಅಂದರೆ ವರ್ಷಕ್ಕೆ 24. ಒಂದು ವಿಷಯ ನೆನಪಿಡಿ: 2024ರ ಅಕ್ಟೋಬರ್ 1ರಿಂದ, ತಂದೆ ಅಥವಾ ತಾಯಿ ಸದಸ್ಯರಾಗಿದ್ದರೆ ಅಥವಾ ಅರ್ಜಿ ಹಾಕುತ್ತಿದ್ದರೆ 18 ವರ್ಷದೊಳಗಿನ ಮಕ್ಕಳಿಗೆ ಶುಲ್ಕವೇ ಇಲ್ಲ. ಆದರೆ ಪ್ರತಿ ಮಗುವಿಗೂ ಬೇರೆ ಅರ್ಜಿ ಬೇಕು. ಮಕ್ಕಳಿಗಾಗಿ ಕಾರ್ಡ್ ಬೇಕಿಲ್ಲ, ಅರ್ಜಿ ತುಂಬುವ ತಾಳ್ಮೆ ಬೇಕು.

ಲೌಂಜ್. ಅದು ಇಲ್ಲದಿದ್ದರೆ ನಿಲ್ದಾಣದಲ್ಲಿ ಹೋಗುವಾಗ, ಬರುವಾಗ ಊಟಕ್ಕೆ ಎಷ್ಟು ಕೊಡುತ್ತಿದ್ದಿರಿ? 100 ಡಾಲರ್ ಎನ್ನೋಣ. ಲೌಂಜಿನ ಹೊರಗೆ ಬರೆದಿರುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪಾಯಿಂಟು. ಏರ್‌ಲೈನಿನಿಂದ ನೇರವಾಗಿ ಕೊಂಡ ಟಿಕೆಟ್ಟಿಗೆ ಡಾಲರಿಗೆ 4 ಪಾಯಿಂಟು. ಮುಂಗಡದ 300 ಕಳೆದು 5,700ಕ್ಕೆ 22,800 ಪಾಯಿಂಟು, ಪಾಯಿಂಟಿಗೆ ಒಂದು ಸೆಂಟ್‌ನಂತೆ 228 ಡಾಲರ್. ವಾರ್ಷಿಕ ಶುಲ್ಕವೇ ಇಲ್ಲದೆ ಶೇ. 2ರಷ್ಟು ನಗದು ಮರಳಿಸುವ ಕಾರ್ಡುಗಳಿವೆ. ಅವು ಇದೇ 6,000ಕ್ಕೆ 120 ಕೊಡುತ್ತವೆ. ಹೆಚ್ಚಿನ ಲಾಭ 108.

ಉಳಿದವು: ಬ್ಯಾಂಕು ಆರಿಸಿದ ರೆಸ್ಟೋರೆಂಟುಗಳ ಊಟ, ಕನಿಷ್ಠ ಎರಡು ರಾತ್ರಿ ತಂಗಬೇಕಾದ ದುಬಾರಿ ಹೋಟೆಲು, ಸಂಗೀತ ಕಛೇರಿ ಮತ್ತು ಪಂದ್ಯಗಳ ಟಿಕೆಟ್ಟು. ಊರಿಗೆ ಹೋದವರು ಅಜ್ಜಿಯ ಮನೆಯಲ್ಲಿ ಮಲಗುತ್ತಾರೆ, ಇಲ್ಲಿ ಐದು ವರ್ಷದವನು ಮೊಸರನ್ನ ಬಿಟ್ಟು ಬೇರೆ ಮುಟ್ಟುವುದಿಲ್ಲ. ಇವಕ್ಕೆ ಸೊನ್ನೆ.

ಒಟ್ಟು 300 + 24 + 100 + 108 = 532. ಶುಲ್ಕದಲ್ಲಿ ಇನ್ನೂ 263 ಡಾಲರ್ ಹಾಗೇ ಉಳಿಯಿತು. ಮನೆಯ ದೊಡ್ಡ ಖರ್ಚುಗಳಾದ ದಿನಸಿ, ಡೇಕೇರ್, ಮಕ್ಕಳ ತರಗತಿಗಳಿಗೆ ಈ ಕಾರ್ಡ್ ಡಾಲರಿಗೆ ಒಂದೇ ಪಾಯಿಂಟು ಕೊಡುತ್ತದೆ. ಅವನ್ನೂ ಇದರಲ್ಲೇ ಕಟ್ಟಿದರೆ ಶೇ. 2ರ ಕಾರ್ಡಿಗಿಂತ ಹಿಂದೆ ಬೀಳುತ್ತೀರಿ.

ಲೌಂಜ್ ಬಾಗಿಲಲ್ಲಿ ಎಷ್ಟು ಜನ?

ಈ ಕಾರ್ಡುಗಳನ್ನು ಒಬ್ಬರೇ ಓಡಾಡುವ ಉದ್ಯೋಗಿಗಳನ್ನು ನೆನೆದು ರೂಪಿಸಿದಂತಿದೆ. ಸಫೈರ್ ರಿಸರ್ವ್ ಜೊತೆ ಇಬ್ಬರು ಅತಿಥಿಗಳು ಉಚಿತ, ನಾಲ್ಕನೆಯವರಿಗೆ ಹಣ ಕೊಡಬೇಕು. ಪ್ಲಾಟಿನಂ ಕಾರ್ಡಿನ ಸೆಂಚುರಿಯನ್ ಲೌಂಜಿನಲ್ಲಿ ವರ್ಷಕ್ಕೆ 75,000 ಡಾಲರ್ ಖರ್ಚು ಮಾಡದವರು ಅತಿಥಿಗೆ 50 ಡಾಲರ್, 2ರಿಂದ 17 ವರ್ಷದ ಮಗುವಿಗೆ 30 ಡಾಲರ್ ಕೊಡಬೇಕು. ಗಂಡನ ಹೆಸರಿನ ಒಂದೇ ಕಾರ್ಡಿನಲ್ಲಿ ಹೆಂಡತಿ, ಇಬ್ಬರು ಮಕ್ಕಳು ಒಳಗೆ ಬಂದರೆ ಒಂದು ಸಲಕ್ಕೆ 110. ವೆಂಚರ್ ಎಕ್ಸ್‌ನಲ್ಲೂ 2026ರ ಫೆಬ್ರವರಿ 1ರಿಂದ ಬ್ಯಾಂಕಿನ ಸ್ವಂತ ಲೌಂಜುಗಳಲ್ಲಿ ಅತಿಥಿಗೆ 45, ಮಕ್ಕಳಿಗೆ 25 ಡಾಲರ್. ಆ ಹಣಕ್ಕೆ ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇ ಮೇಲು ಎಂದು ನಿಮ್ಮಮ್ಮ ಹೇಳಿದರೆ ಲೆಕ್ಕವೂ ಅವರ ಪರವಾಗಿಯೇ ಇದೆ.

ಹಾಗಾದರೆ ಯಾರಿಗೆ ಸರಿ?

ಕೆಲಸದ ಮೇಲೆ ತಿಂಗಳಿಗೊಮ್ಮೆ ಹಾರುವವರಿಗೆ, ವರ್ಷಕ್ಕೆ ಹಲವು ರಾತ್ರಿ ಒಳ್ಳೆಯ ಹೋಟೆಲುಗಳಲ್ಲಿ ತಂಗುವವರಿಗೆ 795 ಕೂಡ ಸಲೀಸಾಗಿ ಹುಟ್ಟುತ್ತದೆ. ವೆಂಚರ್ ಎಕ್ಸ್ ಲೆಕ್ಕ ಸುಲಭ: 300 ಡಾಲರಿನ ಮುಂಗಡ, ಪ್ರತಿ ವಾರ್ಷಿಕೋತ್ಸವಕ್ಕೆ ಕನಿಷ್ಠ 100 ಡಾಲರ್ ಬೆಲೆಯ 10,000 ಮೈಲು. ಎರಡನ್ನೂ ಬಳಸಿದರೆ 395 ಮರಳುತ್ತದೆ. ಆದರೆ ಆ 300 ಅವರದೇ ಬುಕಿಂಗ್ ತಾಣದಲ್ಲಿ ಮಾತ್ರ ನಡೆಯುತ್ತದೆ. ಎರಡು ಕಡೆ ವಿಮಾನ ಬದಲಿಸುವ ಊರಿನ ಪ್ರಯಾಣದಲ್ಲಿ ಏನಾದರೂ ಏರುಪೇರಾದರೆ ಏರ್‌ಲೈನಿನವರು “ನೀವು ಬುಕ್ ಮಾಡಿದಲ್ಲೇ ಕೇಳಿ” ಎನ್ನಬಹುದು. ಆ 300ನ್ನು ದೇಶದೊಳಗಿನ ಸಣ್ಣ ಪ್ರಯಾಣಕ್ಕೆ ಇಟ್ಟುಕೊಳ್ಳುವುದು ಜಾಣತನ.

ವಿಮಾನ ತಡವಾದಾಗ ಸಿಗುವ ವಿಮೆ ನಿಜಕ್ಕೂ ಉಪಯುಕ್ತ. ರಿಸರ್ವ್ ಕಾರ್ಡಿನಲ್ಲಿ ಆರು ಗಂಟೆ ತಡವಾದರೆ ಟಿಕೆಟ್ಟಿಗೆ 500 ಡಾಲರ್‌ವರೆಗೆ ಹೋಟೆಲು, ಊಟದ ಖರ್ಚು ಸಿಗುತ್ತದೆ. ಅದೇ ಬ್ಯಾಂಕಿನ 95 ಡಾಲರಿನ ಸಫೈರ್ ಪ್ರಿಫರ್ಡ್‌ನಲ್ಲೂ ಅಷ್ಟೇ ಮೊತ್ತ ಇದೆ, ಆದರೆ ಹನ್ನೆರಡು ಗಂಟೆ ತಡವಾಗಬೇಕು ಅಥವಾ ರಾತ್ರಿ ತಂಗಬೇಕಾಗಬೇಕು. ಊರಿನಿಂದ ಬರುವ ಅಪ್ಪ ಅಮ್ಮನ ಆರೋಗ್ಯ ವಿಮೆಗೆ ಮಾತ್ರ ಇವು ಯಾವುವೂ ಬದಲಿಯಲ್ಲ. ಅದನ್ನು ಬೇರೆಯಾಗಿಯೇ ಕೊಳ್ಳಿ.

ಊರಿನಲ್ಲಿ ಕಾರ್ಡ್ ಉಜ್ಜಿದರೆ ಹಲವು ಸಾಮಾನ್ಯ ಕಾರ್ಡುಗಳು ಶೇ. 3 ವಿದೇಶಿ ಶುಲ್ಕ ಹಾಕುತ್ತವೆ ಎಂಬುದು ಇನ್ನೊಂದು ವಾದ. ವಾರ್ಷಿಕ ಶುಲ್ಕವೂ ಇಲ್ಲದ, ವಿದೇಶಿ ಶುಲ್ಕವೂ ಇಲ್ಲದ ಕಾರ್ಡುಗಳಿವೆ. ಅಲ್ಲದೆ ಆಟೋ, ದರ್ಶಿನಿ, ಹೂವಿನವರ ಹತ್ತಿರ ಇವು ಯಾವುವೂ ನಡೆಯುವುದಿಲ್ಲ.

ಅರ್ಜಿ ಹಾಕುವ ಮೊದಲು

ಸ್ವಾಗತದ ಬೋನಸ್ ಮೊದಲ ವರ್ಷವನ್ನು ಯಾವಾಗಲೂ ಚೆಂದ ಕಾಣಿಸುತ್ತದೆ. ಅದನ್ನು ಪಕ್ಕಕ್ಕಿಟ್ಟು ಎರಡನೆಯ ವರ್ಷದ ಲೆಕ್ಕ ಹಾಕಿ. ಪಾಯಿಂಟುಗಳನ್ನು ಏರ್‌ಲೈನಿಗೆ ವರ್ಗಾಯಿಸಿದರೆ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ, ಶಾಲೆಯ ರಜೆಯಲ್ಲಿ ಒಂದೇ ವಿಮಾನದಲ್ಲಿ ನಾಲ್ಕು ಪಾಯಿಂಟ್ ಸೀಟು ಸಿಗುವುದು ಕಷ್ಟ. ಮೊದಲು ಸೀಟು ನೋಡಿ, ಆಮೇಲೆ ವರ್ಗಾಯಿಸಿ. ತಿಂಗಳ ಬಿಲ್ ಪೂರ್ತಿ ಕಟ್ಟಲಾಗದಿದ್ದರೆ ಶೇ. 20ಕ್ಕೂ ಮೀರಬಹುದಾದ ಬಡ್ಡಿ ಎಲ್ಲ ಸವಲತ್ತನ್ನೂ ನುಂಗಿಹಾಕುತ್ತದೆ. ಈಗಾಗಲೇ ಕಾರ್ಡ್ ಇದ್ದರೆ, ಶುಲ್ಕ ಬೀಳುವ ತಿಂಗಳಿಗೆ ಮುಂಚೆ ಫೋನಿನಲ್ಲಿ ನೆನಪು ಇಡಿ; ರದ್ದು ಮಾಡುವ ಬದಲು ಶುಲ್ಕ ಕಡಿಮೆ ಇರುವ ಕಾರ್ಡಿಗೆ ಬದಲಿಸಬಹುದೇ ಎಂದು ಕೇಳಿ, ಪಾಯಿಂಟುಗಳನ್ನು ಮೊದಲು ಭದ್ರ ಮಾಡಿಕೊಳ್ಳಿ.

ಮಕ್ಕಳು ಕೂಡುವುದು ಕಳೆಯುವುದು ಕಲಿತಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಅಂಕಿಗಳನ್ನು ಕನ್ನಡದಲ್ಲೇ ಓದಿಸಿ: ಏಳುನೂರ ತೊಂಬತ್ತೈದರಲ್ಲಿ ಐನೂರ ಮೂವತ್ತೆರಡು ಕಳೆದರೆ ಎಷ್ಟು? ಉಚಿತ, ರಿಯಾಯಿತಿ, ಮುಂಗಡ ಇವುಗಳ ನಡುವಿನ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ಕಲಿಸಲು ಬೇರೆ ಪಾಠ ಸಿಗುವುದಿಲ್ಲ. ಉಳಿದ 263 ಡಾಲರಿನಲ್ಲಿ ಏನು ಮಾಡಬಹುದು ಎಂದೂ ಅವರನ್ನೇ ಕೇಳಿ. ನಮ್ಮ ಮನೆಯಲ್ಲಿ ಕಂಡಂತೆ ಮಕ್ಕಳ ಬಾಯಲ್ಲಿ ಕನ್ನಡ ಸರಾಗವಾಗುವುದು ಊರಿನಲ್ಲಿ ಎರಡನೆಯ ವಾರ ದಾಟಿದ ಮೇಲೆ. ಮರಳುವ ದಿನಾಂಕವನ್ನು ಕೆಲವು ದಿನ ಮುಂದೆ ಹಾಕಲು ಆ ಹಣ ನೆರವಾದರೆ, ಅದಕ್ಕಿಂತ ಒಳ್ಳೆಯ ಪ್ರಯಾಣದ ಸವಲತ್ತು ನನಗಂತೂ ಕಂಡಿಲ್ಲ.