‘ಬಿಕಾಸ್’ನಿಂದ ವಾಕ್ಯ ಶುರು ಮಾಡಿದರೆ ಮಾರ್ಕ್ಸ್ ಹೋಗುತ್ತದೆಯೇ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ಇಂಗ್ಲಿಷ್ ವ್ಯಾಕರಣದ ಜೊತೆಗೆ ಒಂದಷ್ಟು ಮಡಿ-ಮೈಲಿಗೆಯೂ ಮಕ್ಕಳ ತಲೆಗೆ ಹತ್ತುತ್ತದೆ. ‘ಹಾಗೆ ಬರೀಬಾರದು, ಮಾರ್ಕ್ಸ್ ಹೋಗತ್ತೆ’ ಎನ್ನುವವರು ಬಹಳ. ಯಾಕೆ ಬರೆಯಬಾರದು ಎಂದು ಹೇಳುವವರು ಕಡಿಮೆ. ಕಾರಣ ಕೇಳುತ್ತ ಹೋದರೆ ಕೆಲವು ನಿಯಮ ಗಟ್ಟಿಯಾಗಿ ನಿಲ್ಲುತ್ತವೆ, ಕೆಲವು ಉದುರಿಹೋಗುತ್ತವೆ.

ಉದುರುವ ಪೈಕಿ ಮೊದಲನೆಯದು ‘ಬಿಕಾಸ್’ ಕುರಿತದ್ದು. ಆ ಪದದಿಂದ ವಾಕ್ಯ ಶುರುವಾಗಬಾರದು ಎಂಬ ನಿಯಮ ಇಂಗ್ಲಿಷಿನಲ್ಲಿ ಇಲ್ಲ. ‘ಬಿಕಾಸ್ ಇಟ್ ವಾಸ್ ರೈನಿಂಗ್’ ಎಂದು ಬರೆದು ಚುಕ್ಕಿ ಇಟ್ಟುಬಿಟ್ಟರೆ ಅದು ಅರ್ಧ ವಾಕ್ಯ. ಮುಂದೆ ‘ವಿ ಸ್ಟೇಡ್ ಅಟ್ ಹೋಮ್’ ಸೇರಿದರೆ ಪೂರ್ತಿ, ಯಾವ ದೋಷವೂ ಇಲ್ಲ. ಮಕ್ಕಳು ಅರ್ಧಕ್ಕೇ ನಿಲ್ಲಿಸುತ್ತಾರೆಂದು ಮೇಷ್ಟ್ರು ಹಾಕಿದ ನಿಷೇಧ ಕ್ರಮೇಣ ವ್ಯಾಕರಣದ ವೇಷ ತೊಟ್ಟಿದೆ. ‘ಆ್ಯಂಡ್’, ‘ಬಟ್’ ಕತೆಯೂ ಇದೇ: 1611ರ ಇಂಗ್ಲಿಷ್ ಬೈಬಲ್ಲಿನ ಮೊದಲ ಅಧ್ಯಾಯದಲ್ಲಿ ಬಹುಪಾಲು ವಚನಗಳು ಶುರುವಾಗುವುದೇ ‘ಆ್ಯಂಡ್’ನಿಂದ. ಆದರೂ ಪರೀಕ್ಷೆಯಲ್ಲಿ ‘ವೈ’ ಎಂದು ಕೇಳಿದ ಪ್ರಶ್ನೆಗೆ ಇಡೀ ವಾಕ್ಯದಲ್ಲಿ ಉತ್ತರಿಸುವುದೇ ಜಾಣತನ. ಬರೀ ‘ಬಿಕಾಸ್’ ತುಂಡು ಸಾಲದು.

ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಎಂಬ ಕಟ್ಟಳೆಗೆ ಇನ್ನೂ ಸ್ವಾರಸ್ಯದ ಹಿನ್ನೆಲೆ ಇದೆ. ಕವಿ ಜಾನ್ ಡ್ರೈಡನ್ 1672ರಲ್ಲಿ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಹಾಗೆ ಬರೆದದ್ದನ್ನು ದೋಷವೆಂದು ಎತ್ತಿ ತೋರಿಸಿದ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಇಷ್ಟು ಬಿಗಿಯಾಗಿರಲಿಲ್ಲ. ಮಾತಿನಲ್ಲಿ ಇದು ಸಹಜ, ಗಂಭೀರ ಬರವಣಿಗೆಯಲ್ಲಿ ಮಾತ್ರ ಬೇರೆ ರೀತಿ ಚೆಂದ ಎಂದ. ತಮಾಷೆಯೆಂದರೆ, ಈ ಮಾತು ಹೇಳುವಾಗ ಅವನೂ ‘ಟು’ ಅನ್ನು ಹಿಂದಕ್ಕೇ ಇಟ್ಟಿದ್ದಾನೆ! 1926ರ ಹೊತ್ತಿಗೆ ನಿಘಂಟುಕಾರ ಎಚ್.ಡಬ್ಲ್ಯು. ಫೌಲರ್ ಇದನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿದ. ನಮ್ಮ ಕೆಲವು ಗೈಡುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇನ್ನು, ನಿಯಮ ನಿಜವಾಗಿದ್ದೂ ನಾವು ತಪ್ಪು ತಿಳಿದಿರುವ ಕಡೆಗಳಿವೆ. ‘ಎ, ಇ, ಐ, ಒ, ಯು ಅಕ್ಷರಗಳ ಮುಂದೆ ಆ್ಯನ್’ ಎಂಬ ಬಾಯಿಪಾಠ ನೋಡಿ. ಲೆಕ್ಕಕ್ಕೆ ಬರುವುದು ಅಕ್ಷರವಲ್ಲ, ಉಚ್ಚಾರಣೆ. ಕನ್ನಡ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ: ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡುವುದು. ‘ಅವರ್’ ಸ್ವರದಿಂದ ಶುರು, ಆದ್ದರಿಂದ ‘ಆ್ಯನ್ ಅವರ್’. ‘ಯುನಿವರ್ಸಿಟಿ’ಯ ಮೊದಲಿಗೆ ಯಕಾರ, ಹಾಗಾಗಿ ‘ಎ ಯುನಿವರ್ಸಿಟಿ’. ಅದೇ ರೀತಿ ‘ಎ ಮೆಂಬರ್’, ಆದರೆ ‘ಆ್ಯನ್ ಎಂ.ಎಲ್.ಎ.’ ಒಂದೇ ಎಚ್ಚರಿಕೆ: ಎಗ್ಗನ್ನು ‘ಯೆಗ್’, ಎಮ್ಮೆಲ್ಲೆಯನ್ನು ‘ಯೆಮ್ಮೆಲ್ಲೆ’ ಎನ್ನುವ ನಾಲಿಗೆಯಿದ್ದರೆ ಈ ಉಪಾಯ ಕೈಕೊಡುತ್ತದೆ.

ಕ್ವೆಶ್ಚನ್ ಟ್ಯಾಗಿನಲ್ಲಿ ಮಾತ್ರ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ. ‘ನೀನು ಬಂದೆ ಅಲ್ವಾ’, ‘ಅವಳು ಹಾಡ್ತಾಳೆ ಅಲ್ವಾ’ ಎಂದು ಒಂದೇ ‘ಅಲ್ವಾ’ ಎಲ್ಲ ಕಡೆ ನಡೆಯುತ್ತದೆ. ಆ ರೂಢಿಯಲ್ಲೇ ‘ಇಸಂಟ್ ಇಟ್’ ಅನ್ನು ಎಲ್ಲ ವಾಕ್ಯಕ್ಕೂ ಅಂಟಿಸುತ್ತೇವೆ. ಪರೀಕ್ಷೆಯ ಇಂಗ್ಲಿಷಿನಲ್ಲಿ ಟ್ಯಾಗು ವಾಕ್ಯದ ಸಹಾಯಕ ಕ್ರಿಯಾಪದವನ್ನೇ ಹಿಡಿಯಬೇಕು: ‘ಶಿ ಕ್ಯಾನ್ ಸಿಂಗ್, ಕಾಂಟ್ ಶಿ?’ ವಾಕ್ಯದಲ್ಲಿ ‘ನೆವರ್’, ‘ಹಾರ್ಡ್ಲಿ’ ಇದ್ದರೆ ಅದು ಆಗಲೇ ನಿಷೇಧಾರ್ಥಕ. ಹಾಗಾಗಿ ಟ್ಯಾಗಿನಲ್ಲಿ ‘ನಾಟ್’ ಬೇಡ.

ಎಲ್ಲ ವಾಕ್ಯವನ್ನೂ ಪ್ಯಾಸಿವ್‌ಗೆ ತಿರುಗಿಸಬಹುದೆಂಬುದೂ ಸುಳ್ಳು. ಕನ್ನಡ ತರಗತಿಯ ಸಕರ್ಮಕ-ಅಕರ್ಮಕ ನೆನಪಿಸಿಕೊಳ್ಳಿ. ‘ಸ್ಲೀಪ್’, ‘ಅರೈವ್’ಗಳಿಗೆ ಕರ್ಮವಿಲ್ಲ, ಕರ್ಮಣಿ ಪ್ರಯೋಗವೂ ಇಲ್ಲ. ರಿಪೋರ್ಟೆಡ್ ಸ್ಪೀಚಿನಲ್ಲಿ ಕಾಲ ಯಾವಾಗಲೂ ಹಿಂದೆ ಸರಿಯಬೇಕಿಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಮೇಷ್ಟ್ರು ನಿನ್ನೆ ಹೇಳಿದ್ದರೂ ಭೂಮಿ ಇವತ್ತೂ ಸುತ್ತುತ್ತಿದೆ, ವರ್ತಮಾನವೇ ಇರಲಿ.

ವ್ಯಾಕರಣದಲ್ಲಿ ತಪ್ಪಿದರೆ ಒಂದು ಅಂಕ ಹೋದೀತು. ಆಕರ ಹೇಳುವ ವಿಷಯದಲ್ಲಿ ತಪ್ಪಿದರೆ ಬರೆದವರ ಮೇಲಿನ ನಂಬಿಕೆಯೇ ಹೋಗುತ್ತದೆ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪ್ರಾಜೆಕ್ಟು, ಚಟುವಟಿಕೆ ಎಂದು ಮಕ್ಕಳು ಕಷ್ಟಪಡುವುದು ಈ ಎರಡನೆಯದಕ್ಕೆ. ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ‘ಬಿಬ್ಲಿಯಾಗ್ರಫಿ: ಗೂಗಲ್, ಇಂಟರ್ನೆಟ್, ನನ್ನ ಸ್ನೇಹಿತರು’ ಎಂದಿರುತ್ತದೆ. ಗೂಗಲ್ ಆಕರವಲ್ಲ, ಆಕರ ಹುಡುಕುವ ಸಾಧನ. ವಿಕಿಪೀಡಿಯ ನೋಡುವುದು ಅಪರಾಧವಲ್ಲ, ಅಲ್ಲಿಗೇ ನಿಲ್ಲುವುದು ಸೋಮಾರಿತನ. ಲೇಖನದ ಅಡಿಯಲ್ಲಿ ಕೊಟ್ಟಿರುವ ಪುಸ್ತಕ, ವರದಿಗಳನ್ನು ತೆರೆದು ನೋಡಬೇಕು.

ಇದೆಲ್ಲ ಬರೀ ಶಿಷ್ಟಾಚಾರ ಎನ್ನುವವರಿಗೆ ಒಂದು ಉದಾಹರಣೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಎಷ್ಟು? ಒಬ್ಬಳು ಶೇ 75.60 ಎಂದು ಬರೆದಳು, ಇನ್ನೊಬ್ಬ ಶೇ 75.36 ಎಂದು ಬರೆದ ಎನ್ನೋಣ. ಇಬ್ಬರೂ ಊಹಿಸಿ ಬರೆದದ್ದಲ್ಲ: ಮೊದಲನೆಯದು ತಾತ್ಕಾಲಿಕ ಅಂಕಿ, ಎರಡನೆಯದು ಅಂತಿಮ ಅಂಕಿ. ಆಕರ ಹೇಳದಿದ್ದರೆ ಓದುವವರಿಗೆ ಈ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ? ಹಾಗೆಂದು ಪ್ರತಿ ಸಾಲಿಗೂ ಆಕರ ಬೇಕಿಲ್ಲ. ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾಯಿತು ಎಂಬ ಎಲ್ಲರಿಗೂ ತಿಳಿದ ಸಂಗತಿಗೆ ಸಾಕ್ಷಿ ಕರೆಯುವುದು ಅತಿಯಾಯಿತು.

‘ಪದ ಬದಲಾಯಿಸಿದ್ದೇನೆ, ಇನ್ನು ಇದು ನಂದೇ’ ಎಂಬ ಧೈರ್ಯವೂ ಸಲ್ಲದು. ‘ದೊಡ್ಡ’ ಇದ್ದಲ್ಲಿ ‘ಬೃಹತ್’ ಹಾಕಿದ ಮಾತ್ರಕ್ಕೆ ವಿಚಾರದ ಒಡೆಯ ಬದಲಾಗುವುದಿಲ್ಲ. ಕೃತಿಸ್ವಾಮ್ಯ ಮುಗಿದಿದೆ ಎಂಬ ಸಬೂಬೂ ನಡೆಯದು. ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ. ನಮ್ಮ ಕಾನೂನಿನ 60 ವರ್ಷ 2006ಕ್ಕೇ ತುಂಬಿತು. ಯಾರು ಬೇಕಾದರೂ ಅವರ ಕೃತಿ ಅಚ್ಚು ಹಾಕಬಹುದು. ಅವರ ಹೆಸರು ಅಳಿಸುವ ಹಕ್ಕು ಮಾತ್ರ ಯಾರಿಗೂ ಬಂದಿಲ್ಲ.

ಅಮೆರಿಕದ ಹೈಸ್ಕೂಲುಗಳಲ್ಲಿ ಓದುವ ಕನ್ನಡದ ಮಕ್ಕಳಿಗೆ ಎಂ.ಎಲ್.ಎ. ಅಂದರೆ ಶಾಸಕರಲ್ಲ, ಆಕರ ಬರೆಯುವ ಒಂದು ಪದ್ಧತಿ. ಅದರಲ್ಲಿ ಲೇಖಕರ ಹೆಸರಿನ ಜೊತೆ ಪುಟಸಂಖ್ಯೆ ಬರುತ್ತದೆ, ಎ.ಪಿ.ಎ. ಪದ್ಧತಿಯಲ್ಲಾದರೆ ವರ್ಷ. ಯಾವುದು ಸರಿ ಎಂಬ ಜಗಳವೇ ಬೇಡ: ಶಾಲೆ ಹೇಳಿದ್ದನ್ನು ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಿದರಾಯಿತು. ಎಐ ಚಾಟ್‌ಬಾಟ್ ಕೊಟ್ಟ ಪುಸ್ತಕದ ಪಟ್ಟಿಯನ್ನು ಮಾತ್ರ ಪರೀಕ್ಷಿಸದೆ ಇಳಿಸಬೇಡಿ. ಇಲ್ಲದ ಪುಸ್ತಕಕ್ಕೆ ಲೇಖಕ, ವರ್ಷ, ಪ್ರಕಾಶಕರನ್ನೂ ಅದು ಹುಟ್ಟಿಸಬಲ್ಲದು.

ಟಿಪ್ಪಣಿ ಮಾಡುವಾಗಲೇ ಲೇಖಕರ ಹೆಸರು, ಪುಸ್ತಕ, ವರ್ಷ, ಪುಟ ಬರೆದಿಟ್ಟುಕೊಳ್ಳಿ. ಇದ್ದ ಹಾಗೇ ಇಳಿಸಿಕೊಂಡ ಸಾಲಿಗೆ ಆಗಲೇ ಉದ್ಧರಣ ಚಿಹ್ನೆ ಹಾಕಿ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಹುಡುಕಲು ಕೂತರೆ ಯಾವುದು ನಿಮ್ಮ ಮಾತು, ಯಾವುದು ಪುಸ್ತಕದ್ದು ಎಂದು ನಿಮಗೇ ಗೊತ್ತಾಗುವುದಿಲ್ಲ.