ವಿಮಾನ ಇಳಿದು ರೈಲು ಹತ್ತುವ ದಾರಿ

ಹುಬ್ಬಳ್ಳಿ ವಿಮಾನ ನಿಲ್ದಾಣ ದೊಡ್ಡದಲ್ಲ. ಬೆಂಗಳೂರು, ಮುಂಬೈ, ದಿಲ್ಲಿ ಕಡೆಯ ವಿಮಾನ ಇಳಿದ ಸ್ವಲ್ಪ ಹೊತ್ತಿಗೆ ಜನ ಸಾಮಾನಿನ ಬೆಲ್ಟ್ ಮುಂದೆ ಬಂದು ನಿಂತಿರುತ್ತಾರೆ. ಅವರಲ್ಲಿ ಹುಬ್ಬಳ್ಳಿ-ಧಾರವಾಡದವರಷ್ಟೇ ಅಲ್ಲ, ಗದಗ, ಬದಾಮಿ, ಇಳಕಲ್, ಹುನಗುಂದದವರೂ ಇರುತ್ತಾರೆ. ನಾನು ಹೋಗಬೇಕಾದದ್ದು ಹುನಗುಂದ ಸೀಮೆಯ ಮರೋಳಕ್ಕೆ. ರಾಮಥಾಳ-ಮರೋಳ ಏತ ನೀರಾವರಿಯ ಹೆಸರು ಕೇಳಿದವರಿಗೆ ಊರು ಗೊತ್ತಿರುತ್ತದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ 24,000 ಹೆಕ್ಟೇರ್ ಹೊಲಕ್ಕೆ ಹನಿ ನೀರಾವರಿ ಮಾಡುವ ದೊಡ್ಡ ಯೋಜನೆ ಅದು. ಇಷ್ಟು ಹೆಸರಿದ್ದರೂ ನಮ್ಮ ಹುನಗುಂದ, ಇಳಕಲ್ ಪಟ್ಟಣಗಳಿಗೆ ಇನ್ನೂ ರೈಲು ಬಂದಿಲ್ಲ. ಹಾಗಾಗಿ ವಿಮಾನದಿಂದ ಇಳಿದವರು ನೇರ ಟ್ಯಾಕ್ಸಿಗೆ ಕೈ ಮಾಡುತ್ತಾರೆ. ರೈಲಿನ ದಾರಿ ಇದೆ, ಅದು ಅಗ್ಗವೂ ಹೌದು, ಸುಖವೂ ಹೌದು. ಅದನ್ನೇ ಹಂತ ಹಂತವಾಗಿ ತೋರಿಸುತ್ತೇನೆ.

ಮೊದಲ ಮಾತು: ಟಿಕೆಟನ್ನು ವಿಮಾನ ನಿಲ್ದಾಣದಲ್ಲೇ ತೆಗೆಯಿರಿ. ಬೆಲ್ಟ್ ಮುಂದೆ ನಿಂತ ಹೊತ್ತೇ ಅದಕ್ಕೆ ಸರಿಯಾದ ಹೊತ್ತು. 2025ರ ಜುಲೈ 1ರಂದು ರೈಲ್ವೆ ಇಲಾಖೆ ರೈಲ್‌ಒನ್ ಎಂಬ ಆ್ಯಪ್ ಬಿಟ್ಟಿದೆ. ಕಾಯ್ದಿರಿಸಿದ ಟಿಕೆಟ್, ಕಾಯ್ದಿರಿಸದ ಜನರಲ್ ಟಿಕೆಟ್, ಪ್ಲಾಟ್‌ಫಾರ್ಮ್ ಟಿಕೆಟ್ ಎಲ್ಲವೂ ಅದರಲ್ಲೇ ಸಿಗುತ್ತವೆ. ಜನರಲ್ ಟಿಕೆಟಿನಲ್ಲಿ ಒಂದು ವಿಶೇಷವಿದೆ. ಸ್ಟೇಷನ್ ಒಳಗೆ ಕಾಲಿಟ್ಟ ಮೇಲೆ ಕಾಗದವಿಲ್ಲದ ಟಿಕೆಟ್ ತೆಗೆಯಲು ಹೋದರೆ ಆ್ಯಪ್ ಬಿಡುವುದಿಲ್ಲ. ರೈಲು ಹತ್ತಿ ಕುಳಿತು, ಟಿಸಿ ಬರುವುದನ್ನು ಕಂಡ ಮೇಲೆ ಟಿಕೆಟ್ ತೆಗೆಯುವವರನ್ನು ತಡೆಯಲು ಈ ಕಟ್ಟು ಮಾಡಿದ್ದಾರೆ. ಸ್ಟೇಷನ್ನಿನಲ್ಲಿ ಅಂಟಿಸಿದ ಕ್ಯೂಆರ್ ಚೀಟಿಯನ್ನು ಸ್ಕ್ಯಾನ್ ಮಾಡಿದರೆ ಮಾತ್ರ ಅಲ್ಲಿ ದಾರಿ ಬಿಡುತ್ತದೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ನಿಂತಾಗ ಆ ತೊಡಕೇ ಇಲ್ಲ.

ಇನ್ನೊಂದು ನಿಯಮ ಹೊರಗಿನಿಂದ ಬರುವವರಿಗೆ ಬಹಳ ಮುಖ್ಯ. 199 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ತೆಗೆದರೆ ಮೂರು ತಾಸಿನೊಳಗೆ, ಇಲ್ಲವೇ ಆ ಊರಿಗೆ ಹೋಗುವ ಮೊದಲ ರೈಲು ಬಿಡುವುದರೊಳಗೆ, ಎರಡರಲ್ಲಿ ಯಾವುದು ತಡವೋ ಅಷ್ಟರಲ್ಲಿ ಪ್ರಯಾಣ ಶುರು ಮಾಡಬೇಕು. ಹುಬ್ಬಳ್ಳಿಯಿಂದ ಬಾಗಲಕೋಟೆಯೂ ಕುಷ್ಟಗಿಯೂ ಈ ಅಂತರದ ಒಳಗೇ ಬರುತ್ತವೆ. ಆದ್ದರಿಂದ ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲೇ ಆತುರಪಟ್ಟು ತೆಗೆದಿಡಬೇಡಿ. ವಿಮಾನ ತಡವಾದರೆ ಟಿಕೆಟ್ ಕೆಟ್ಟುಹೋಗುತ್ತದೆ. ಮೊಬೈಲಿನ ಕಾಗದವಿಲ್ಲದ ಟಿಕೆಟ್ ರದ್ದು ಮಾಡಲು ಬರುವುದಿಲ್ಲ. ಅದನ್ನು ಆ್ಯಪ್ ತೆರೆದೇ ತೋರಿಸಬೇಕು, ಫೋಟೊ ತೆಗೆದಿಟ್ಟರೆ ನಡೆಯದು. ಬ್ಯಾಟರಿ ಮುಗಿಯದಂತೆ ನೋಡಿಕೊಳ್ಳಿ.

ಹೊರಗೆ ಬಂದರೆ ಆಟೊ, ಟ್ಯಾಕ್ಸಿ. "ಸ್ಟೇಷನ್ನಿಗೆ ಬರ್ತೀರೇನ್ರಿ?" ಎಂದೆ. "ಯಾವ ಕಡೆ ಗೇಟಿಗ್ರಿ ಸರ, ಮುಂದಿಂದಕ್ಕೋ ಗದಗ ರೋಡಿಂದಕ್ಕೋ?" ಎಂದ ಆಟೊದವ. ಅವನು ಕೇಳಿದ್ದರಲ್ಲಿ ಅರ್ಥವಿದೆ. ಹುಬ್ಬಳ್ಳಿ ಸ್ಟೇಷನ್ ಎಷ್ಟು ಉದ್ದ ಎಂದರೆ ತಪ್ಪು ಕಡೆ ಇಳಿದವರು ಸೂಟ್‌ಕೇಸ್ ಎಳೆದುಕೊಂಡು ದೂರ ನಡೆಯಬೇಕು. ಮೊದಲ ಸಲ ಬರುವವರು ಮುಂಭಾಗದ ಮುಖ್ಯ ದ್ವಾರವನ್ನೇ ಹೇಳಿ.

ಈಗ ಈ ಸ್ಟೇಷನ್ನಿನ ಹೆಸರು ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣ. 2023ರ ಮಾರ್ಚ್ 12ರಂದು ಇಲ್ಲಿ ಲೋಕಾರ್ಪಣೆಯಾದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದ. ಅದನ್ನು ಕಣ್ಣಾರೆ ಕಂಡಾಗ ನಮ್ಮ ಊರಿನದೆಂಬ ಹೆಮ್ಮೆ ತಾನಾಗಿ ಬರುತ್ತದೆ. ಆದರೆ ಒಂದೇ ಪ್ಲಾಟ್‌ಫಾರ್ಮಿನ ಎರಡು ತುದಿಗೆ ಎರಡು ರೈಲು ನಿಲ್ಲಬಹುದಾದಷ್ಟು ಉದ್ದ ಅದು. ಒಳಗೆ ಹೋದೊಡನೆ ಫಲಕದಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ನೋಡಿ, ಬೋಗಿಯ ಮೇಲಿನ ಊರಿನ ಹೆಸರನ್ನೂ ಓದಿಯೇ ಹತ್ತಿ. ಮೊಬೈಲ್ ಒಗ್ಗದವರಿಗೆ ಟಿಕೆಟ್ ಕೌಂಟರ್ ಇದೆ. ಸರದಿ ಉದ್ದವಿದ್ದರೆ ಎಟಿವಿಎಂ ಯಂತ್ರಕ್ಕೆ ಹೋಗಬಹುದು. ಊರು ಆರಿಸಿ, ಎಷ್ಟು ಮಂದಿ ಎಂದು ಒತ್ತಿ, ಯುಪಿಐ ಮೂಲಕ ಹಣ ಕೊಟ್ಟರೆ ಟಿಕೆಟ್ ಕೈಗೆ ಬರುತ್ತದೆ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಗಿದೆ. ಅದನ್ನು ನಂಬಿ ಬಂದ ಹಿರಿಯರು ಕೌಂಟರಿನ ಮುಂದೆ ಪೆಚ್ಚಾಗುವುದನ್ನು ಕಂಡರೆ ಹೊಟ್ಟೆ ಚುರ್ ಎನ್ನುತ್ತದೆ. ಆ ರಿಯಾಯಿತಿ ಮರಳಬೇಕು.

ಇಲ್ಲಿಂದ ಹುನಗುಂದ ಸೀಮೆಗೆ ಎರಡು ದಾರಿ. ಹಳೆಯದು ಗದಗ, ಬದಾಮಿ ಮೇಲೆ ಬಾಗಲಕೋಟೆಗೆ. ಹೊಳೆಆಲೂರಿನ ಹತ್ತಿರ ರೈಲು ಮಲಪ್ರಭೆಯನ್ನು ದಾಟುತ್ತದೆ. ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ ಅದೇ. ಬದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ಆಚೆ ಇರುವುದರಿಂದ ಅಲ್ಲಿ ಇಳಿದು ಬಸ್ ಹುಡುಕುವುದಕ್ಕಿಂತ ಬಾಗಲಕೋಟೆಗೇ ಹೋಗುವುದು ಒಳ್ಳೆಯದು. ಅಲ್ಲಿಂದ ಅಮೀನಗಡದ ಮೇಲೆ ಹುನಗುಂದದ ಬಸ್ಸು. ನಡುವೆ ಬಸ್ಸು ನಿಂತರೆ ಅಮೀನಗಡದ ಕರದಂಟು ಕೊಳ್ಳಲು ಮರೆಯಬೇಡಿ.

ಹೊಸ ದಾರಿ ಕುಷ್ಟಗಿಯದು. ಗದಗ-ವಾಡಿ ಮಾರ್ಗದ ಕೆಲಸ ತಳಕಲ್‌ನಿಂದ ಕುಷ್ಟಗಿ ತನಕ ಮುಗಿದು, 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ-ಕುಷ್ಟಗಿ ರೈಲು ಓಡತೊಡಗಿತು. ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಯಲ್ಲಿ ಇಳಿದರೆ ರಾಷ್ಟ್ರೀಯ ಹೆದ್ದಾರಿ 50ರಲ್ಲೇ ಇಳಕಲ್, ಅದರಾಚೆ ಹುನಗುಂದ. ಇಳಕಲ್‌ನವರಿಗೆ ಇದಕ್ಕಿಂತ ಹತ್ತಿರದ ರೈಲು ಇಲ್ಲ. ವೇಳೆ ಹೊಂದಿದರೆ ನಾನು ಇದನ್ನೇ ಹೇಳುತ್ತೇನೆ. ಹೊಂದದಿದ್ದರೆ ಬಾಗಲಕೋಟೆ. ವೇಳೆಯನ್ನು 139ಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ. ಕೊನೆಯ ಹಂತದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ, ಆಧಾರ್ ಕೈಯಲ್ಲಿರಲಿ.

ವಿಮಾನ ಇಳಿದು ರೈಲು ಹತ್ತುವ ಮಾತು ಬಂದಾಗ, ಜರ್ಮನಿಯಲ್ಲಿ ಮಕ್ಕಳಿರುವ ನಮ್ಮ ಕಡೆಯ ಕುಟುಂಬಗಳು ಫ್ರಾಂಕ್‌ಫರ್ಟ್‌ನ ಮಾತು ಹೇಳುತ್ತಿರುತ್ತವೆ. ಅಲ್ಲಿ ವಿಮಾನ ನಿಲ್ದಾಣದ ಕೆಳಗೇ 1972ರಿಂದ ಲೋಕಲ್ ರೈಲಿನ ಸ್ಟೇಷನ್ ಇದೆ, ದೂರದ ರೈಲುಗಳಿಗೆ 1999ರಲ್ಲಿ ಇನ್ನೊಂದು ಬಂತು. ಯಂತ್ರದಲ್ಲಿ ಟಿಕೆಟ್ ತೆಗೆದು ಎಸ್8 ಅಥವಾ ಎಸ್9 ರೈಲು ಹತ್ತಿದರೆ ಕಾಲು ತಾಸಿನಲ್ಲಿ ಊರಿನ ಮುಖ್ಯ ಸ್ಟೇಷನ್. ತಡೆಯುವ ಗೇಟ್ ಇಲ್ಲ, ಆದರೆ ಟಿಕೆಟಿಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ. ನಮ್ಮಲ್ಲೂ ಅಂಥ ಪ್ರಯತ್ನ ಆಗಿದೆ. ಬೆಂಗಳೂರು ವಿಮಾನ ನಿಲ್ದಾಣದ ಬಳಿ 2021ರ ಜನವರಿ 4ರಂದು ರೈಲು ಹಾಲ್ಟ್ ಶುರುವಾಯಿತು.

ಹುಬ್ಬಳ್ಳಿಯಲ್ಲಿ ವಿಮಾನದ ಬಾಗಿಲಿಗೇ ಹಳಿ ಬರಲೆಂದು ಕೇಳುತ್ತಿಲ್ಲ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ರೈಲ್ ಸೌಧ ಇದೇ ಊರಿನಲ್ಲಿದೆ. ಗೋಕುಲ ರಸ್ತೆಯ ಆಗಮನ ದ್ವಾರದ ಹತ್ತಿರ ಒಂದು ಎಟಿವಿಎಂ ಯಂತ್ರ, ಬಾಗಲಕೋಟೆ-ಕುಷ್ಟಗಿ ರೈಲುಗಳ ವೇಳೆ ಬರೆದ ಒಂದು ಕನ್ನಡ ಫಲಕ, ವಿಮಾನ ಬರುವ ಹೊತ್ತಿಗೆ ಸ್ಟೇಷನ್ನಿಗೆ ಒಂದು ಸಿಟಿ ಬಸ್. ರೈಲ್ವೆಯವರೂ ವಿಮಾನ ನಿಲ್ದಾಣದವರೂ ಕೂಡಿ ಇಷ್ಟನ್ನು ಮಾಡಿಕೊಡಲಿ.